ಪಿಎಚ್‌ಪಿಯಲ್ಲಿ ಓಓಪಿ: ಇನ್‌ಹೆರಿಟೆನ್ಸ್ ಆಳವಾಗಿ ಕಲಿಯಬೇಕೇ, ನೇರವಾಗಿ ಲಾರಾವೆಲ್‌ಗೆ ಹೋಗಬೇಕೇ?

ಓಓಪಿ, ಅಂದರೆ ಮಾಹಿತಿಯನ್ನೂ ಅದರ ಮೇಲಿನ ಕೆಲಸಗಳನ್ನೂ ಒಂದೇ ಆಬ್ಜೆಕ್ಟಿನಲ್ಲಿ ಇಟ್ಟು ಕೋಡ್ ಬರೆಯುವ ವಿಧಾನ, ಕಲಿಯುತ್ತಾ ಡೇಟಾಬೇಸ್ ಎಂಬ ಒಂದು ಕ್ಲಾಸ್ (ಆಬ್ಜೆಕ್ಟುಗಳ ಅಚ್ಚು) ಬರೆದು, ಗ್ರಾಹಕ, ಸರಕು, ಬಿಲ್ಲು ಮೂರೂ ಅದನ್ನೇ ಎಕ್ಸ್‌ಟೆಂಡ್ ಮಾಡುವಂತೆ, ಅಂದರೆ ಅದರ ಮಕ್ಕಳಾಗಿ ಅದರ ಕೋಡನ್ನು ಪಡೆಯುವಂತೆ ಮಾಡಿದ್ದೇನೆ, ಇನ್ನು ಈ ಇನ್‌ಹೆರಿಟೆನ್ಸನ್ನೇ ಆಳವಾಗಿ ಕಲಿಯಲೋ ಪಿಎಚ್‌ಪಿಯ ಸಿದ್ಧ ಚೌಕಟ್ಟಾದ ಲಾರಾವೆಲ್‌ಗೆ ಹೋಗಲೋ ಎಂದು ಕೇಳಿದ್ದೀರಿ. ಹೆಚ್ಚುಕಡಿಮೆ ಇವೇ ಕ್ಲಾಸುಗಳನ್ನು ಇದೇ ರೀತಿಯಲ್ಲಿ ನಾನೂ ಬರೆದಿದ್ದೆ.

ಆಗ ಪಿಎಚ್‌ಪಿ 5ರ ಕಾಲ. ಹುಬ್ಬಳ್ಳಿಯ ಒಬ್ಬ ಸಗಟು ವ್ಯಾಪಾರಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡಲು ಒಪ್ಪಿಕೊಂಡಿದ್ದೆ. ಅಲ್ಲಿಯವರೆಗೆ ಬರೀ ಫಂಕ್ಷನ್‌ಗಳಲ್ಲಿ ಕೋಡ್ ಬರೆಯುತ್ತಿದ್ದ ನನಗೆ ಇನ್‌ಹೆರಿಟೆನ್ಸ್ ಎಂದರೆ ಒಮ್ಮೆ ಬರೆದದ್ದನ್ನು ಮತ್ತೆ ಬರೆಯದೆ ಬಳಸುವ ಉಪಾಯ ಎಂದಷ್ಟೇ ಅರ್ಥವಾಗಿತ್ತು. ಎಲ್ಲ ಕ್ಲಾಸಿಗೂ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ನಡೆಸಬೇಕು, ಆದ್ದರಿಂದ ಎಲ್ಲವೂ ಡೇಟಾಬೇಸ್ ಕ್ಲಾಸಿನ ಮಕ್ಕಳಾಗಲಿ ಎಂದು ನಿರ್ಧರಿಸಿದೆ. ಆ ತಾಯಿ ಕ್ಲಾಸಿನ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟುವಾಗ ತಾನಾಗಿ ನಡೆಯುವ ಮೆಥಡ್, ಅಂದರೆ ಕ್ಲಾಸಿನೊಳಗಿನ ಫಂಕ್ಷನ್) ಹೊಸದೊಂದು ಪಿಡಿಒ ಆಬ್ಜೆಕ್ಟ್ (ಡೇಟಾಬೇಸ್ ಜೊತೆ ಮಾತಾಡಲು ಪಿಎಚ್‌ಪಿ ಕೊಡುವ ಸಾಧನ) ಸೃಷ್ಟಿಸಿ ಮೈಎಸ್‌ಕ್ಯುಎಲ್ ಡೇಟಾಬೇಸ್ ಸರ್ವರ್‌ಗೆ ಸಂಪರ್ಕ ತೆರೆಯುತ್ತಿತ್ತು. ಬಿಲ್ಲಿನ ಕನ್‌ಸ್ಟ್ರಕ್ಟರ್ ಮೊದಲು ಅದನ್ನು ಕರೆದು, ಬಳಿಕ ಡೇಟಾಬೇಸಿನಿಂದ ತನ್ನ ಸಾಲನ್ನು ಓದಿ, ಕೊನೆಗೆ ಆ ಬಿಲ್ಲಿನ ಗ್ರಾಹಕನ ಆಬ್ಜೆಕ್ಟನ್ನೂ ಸೃಷ್ಟಿಸುತ್ತಿತ್ತು. ಗ್ರಾಹಕ ಕ್ಲಾಸೂ ಡೇಟಾಬೇಸ್‌ನ ಮಗುವೇ ಆಗಿದ್ದುದರಿಂದ ಒಂದು ಬಿಲ್ಲು ಹುಟ್ಟಿದರೆ ಎರಡು ಸಂಪರ್ಕಗಳು ತೆರೆದುಕೊಳ್ಳುತ್ತಿದ್ದವು. ಇದು ನನ್ನ ಗಮನಕ್ಕೆ ಬರಲಿಲ್ಲ.

ಬಾರದಿರಲು ಕಾರಣವಿತ್ತು. ಆರಂಭದಲ್ಲಿ ಬಿಲ್ಲುಗಳ ಪಟ್ಟಿಯನ್ನು ಒಂದು ಲೂಪಿನಲ್ಲಿ ಮುದ್ರಿಸುತ್ತಿದ್ದೆ. ಪ್ರತಿ ಸುತ್ತಿನಲ್ಲೂ ಅದೇ ವೇರಿಯಬಲ್‌ಗೆ ಹೊಸ ಬಿಲ್ಲು ಬಂದು ಕೂರುತ್ತಿತ್ತು. ಯಾವ ವೇರಿಯಬಲ್ಲೂ ತೋರಿಸದ ಆಬ್ಜೆಕ್ಟನ್ನು ಪಿಎಚ್‌ಪಿ ಆಗಿಂದಾಗಲೇ ನಾಶಮಾಡುತ್ತದೆ, ಅದರೊಳಗಿನ ಪಿಡಿಒ ನಾಶವಾದಾಗ ಸಂಪರ್ಕವೂ ಮುಚ್ಚುತ್ತದೆ. ಹೀಗಾಗಿ ಯಾವ ಕ್ಷಣದಲ್ಲೂ ಒಂದೆರಡು ಬಿಲ್ಲುಗಳಷ್ಟೇ ಜೀವಂತವಾಗಿರುತ್ತಿದ್ದವು. ಮುಂದೆ ಅಂಗಡಿಯ ಯಜಮಾನರು ತಿಂಗಳ ಬಿಲ್ಲುಗಳನ್ನು ಬಾಕಿಯ ಮೊತ್ತದ ಪ್ರಕಾರ ಜೋಡಿಸಿ ತೋರಿಸುವಂತೆ ಕೇಳಿದರು. ಜೋಡಿಸಬೇಕಾದರೆ ಎಲ್ಲ ಬಿಲ್ಲುಗಳೂ ಒಂದು ಅರೇಯಲ್ಲಿ, ಅಂದರೆ ಒಂದೇ ಪಟ್ಟಿಯಲ್ಲಿ, ಒಟ್ಟಿಗಿರಬೇಕು. ಲೂಪಿನೊಳಗಿನ ಒಂದು ಸಾಲನ್ನು ಹಾಗೆ ಬದಲಿಸಿದೆ. ಈಗ ಯಾವ ಬಿಲ್ಲೂ ಸಾಯುತ್ತಿರಲಿಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ಒಟ್ಟು ಸಂಪರ್ಕಗಳ ಮಿತಿ, ನಾವಾಗಿ ಬದಲಿಸದಿದ್ದರೆ, 151. ಬಿಲ್ಲಿಗೆ ಎರಡರಂತೆ ಸುಮಾರು 75 ಬಿಲ್ಲು ಮುಟ್ಟುತ್ತಿದ್ದಂತೆ ‘ಟೂ ಮೆನಿ ಕನೆಕ್ಷನ್ಸ್’ ಎಂಬ ದೋಷ ಬಂತು. ಆ ಮಿತಿ ಇಡೀ ಸರ್ವರ್‌ಗೆ ಅನ್ವಯಿಸುವಂಥದ್ದಾದ್ದರಿಂದ, ಯಜಮಾನರು ಒಳಗೆ ಪಟ್ಟಿ ತೆರೆದ ಕ್ಷಣವೇ ಹೊರಗಿನ ಕೌಂಟರ್‌ನಲ್ಲಿ ಬಿಲ್ಲು ಹಾಕುವುದೂ ನಿಂತುಹೋಗುತ್ತಿತ್ತು.

ನನ್ನ ಕಂಪ್ಯೂಟರಿನಲ್ಲಿ ಪರೀಕ್ಷೆಗೆಂದು ಇದ್ದ ಬಿಲ್ಲುಗಳು ಬೆರಳೆಣಿಕೆಯಷ್ಟು. ಅಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಅಂಗಡಿಯ ಸರ್ವರ್‌ನಲ್ಲಿ ತೆರೆದಿರುವ ಸಂಪರ್ಕಗಳನ್ನು ತೋರಿಸುವ ಶೋ ಪ್ರೊಸೆಸ್‌ಲಿಸ್ಟ್ ಆಜ್ಞೆ ಕೊಟ್ಟು ನೋಡುವಷ್ಟರಲ್ಲಿ ಪುಟದ ಕೆಲಸ ಮುಗಿದು ಎಲ್ಲ ಸಂಪರ್ಕಗಳೂ ಮುಚ್ಚಿಹೋಗಿರುತ್ತಿದ್ದವು. ತಪ್ಪು ಡೇಟಾಬೇಸ್ ಸರ್ವರ್‌ನದೆಂದು ತೀರ್ಮಾನಿಸಿ ಮಿತಿಯನ್ನು 500ಕ್ಕೆ ಏರಿಸಿದೆ. ನನಗೆ ದುಬಾರಿಯಾದದ್ದು ಇದೇ. ತಿಂಗಳ ಪಟ್ಟಿ ತೆರೆಯಿತು, ಎಲ್ಲರೂ ಸಮಾಧಾನಪಟ್ಟರು, ಕಾರಣ ಮಾತ್ರ ಹಾಗೆಯೇ ಉಳಿಯಿತು. ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಸಲು ಇಡೀ ವರ್ಷದ ಪಟ್ಟಿ ತೆರೆದಾಗ, ಕೌಂಟರಿನ ಮುಂದೆ ಗ್ರಾಹಕರು ನಿಂತಿದ್ದ ಹೊತ್ತಿನಲ್ಲಿ, ಎಲ್ಲವೂ ಮತ್ತೆ ನಿಂತಿತು. ಅವರು ಕೈಬರಹದ ಬಿಲ್ಲು ಪುಸ್ತಕಕ್ಕೆ ಮರಳಿದರು. ಮುಂದಿನ ವರ್ಷದ ಕೆಲಸ ಬೇರೊಬ್ಬರ ಪಾಲಾಯಿತು.

ತಪ್ಪಿನ ಬೇರು ಎಕ್ಸ್‌ಟೆಂಡ್ಸ್ ಎಂಬ ಒಂದೇ ಪದದಲ್ಲಿತ್ತು. ಆ ಪದವನ್ನು ಬರೆದಾಗ ನಾವು ‘ಇದು ಅದರದೇ ಒಂದು ಬಗೆ’ ಎಂದು ಹೇಳುತ್ತಿರುತ್ತೇವೆ. ನಗದು ಬಿಲ್ಲು ಬಿಲ್ಲಿನ ಒಂದು ಬಗೆ, ಉದ್ದರಿ ಬಿಲ್ಲೂ ಒಂದು ಬಗೆ; ಆದರೆ ಬಿಲ್ಲು ಡೇಟಾಬೇಸ್‌ನ ಬಗೆಯಲ್ಲ. ಅದಕ್ಕೆ ಡೇಟಾಬೇಸ್ ಆಗೊಮ್ಮೆ ಈಗೊಮ್ಮೆ ಬೇಕಾಗುತ್ತದೆ, ಅಷ್ಟೆ. ಪಾಠಗಳಲ್ಲಿ ಪ್ರಾಣಿ ಎಂಬ ಕ್ಲಾಸ್, ಅದರಿಂದ ನಾಯಿ, ಬೆಕ್ಕು ಎಂದು ಶುರುಮಾಡುವುದರಿಂದ ಕಲಿಯುವವರಿಗೆ ಓಓಪಿ ಎಂದರೆ ವಂಶವೃಕ್ಷ ಬರೆಯುವುದು ಎಂಬ ಭಾವನೆ ಬಂದುಬಿಡುತ್ತದೆ. ವ್ಯವಹಾರದ ತಂತ್ರಾಂಶದಲ್ಲಿ ಅಂಥ ವಂಶವೃಕ್ಷಗಳು ಬಲು ವಿರಳ.

ಆದ್ದರಿಂದ ನಿಮ್ಮ ಪ್ರಶ್ನೆಯ ಎರಡು ದಾರಿಗಳನ್ನೂ ನಾನು ಒಪ್ಪುವುದಿಲ್ಲ. ಮೊದಲು ಯಾವ ತಾಯಿಯೂ ಇಲ್ಲದ ಒಂದೇ ಒಂದು ಬಿಲ್ಲು ಕ್ಲಾಸನ್ನು ಚೆನ್ನಾಗಿ ಬರೆಯಿರಿ. ಸರಕುಗಳ ಅರೇ ಪ್ರೈವೇಟ್ ಆಗಿರಲಿ, ಹೊರಗಿನ ಕೋಡ್ ಅದನ್ನು ನೇರವಾಗಿ ಮುಟ್ಟದಿರಲಿ. ಸೇರಿಸಲು ಒಂದು ಮೆಥಡ್ ಇರಲಿ. ಬಿಲ್ಲು ಅಂತಿಮವಾದ ಮೇಲೆ ಅದೇ ಮೆಥಡ್ ಎಕ್ಸೆಪ್ಶನ್ (ದೋಷದ ಸೂಚನೆ) ಎಸೆದು ಹೊಸ ಸರಕನ್ನು ನಿರಾಕರಿಸಲಿ. ಒಟ್ಟು ಮೊತ್ತವನ್ನು ಎಲ್ಲೂ ಕೂಡಿಡಬೇಡಿ, ಕೇಳಿದಾಗಲೆಲ್ಲ ಸರಕುಗಳಿಂದಲೇ ಲೆಕ್ಕಹಾಕಿ. ಹಣವನ್ನು ಪೈಸೆಗಳಲ್ಲಿ ಪೂರ್ಣಾಂಕವಾಗಿ ಇಡಿ, ಏಕೆಂದರೆ ದಶಮಾಂಶ ಸಂಖ್ಯೆಗಳನ್ನಿಡುವ ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ ನಿಖರವಾಗಿ 0.3 ಬರುವುದಿಲ್ಲ. ಅರೇ ಮತ್ತು ಫಂಕ್ಷನ್‌ಗಳ ಕಾಲದಲ್ಲಿ ಬಿಲ್ಲಿನ ಮೊತ್ತವನ್ನು ಯಾವ ಫೈಲು ಬೇಕಾದರೂ ಬದಲಿಸಬಹುದಿತ್ತು, ತಪ್ಪು ಬಂದಾಗ ಎಲ್ಲ ಫೈಲುಗಳನ್ನೂ ಹುಡುಕಬೇಕಿತ್ತು. ಈಗ ಹುಡುಕಬೇಕಾದದ್ದು ಒಂದೇ ಕಡೆ. ಆಬ್ಜೆಕ್ಟ್ ಇರುವುದು ಇದಕ್ಕಾಗಿ. ಇನ್‌ಹೆರಿಟೆನ್ಸ್ ಇಲ್ಲದೆಯೂ ಇದು ಪೂರ್ತಿಯಾಗಿ ದಕ್ಕುತ್ತದೆ.

ಬಿಲ್ಲುಗಳನ್ನು ಓದುವ, ಉಳಿಸುವ ಕೆಲಸಕ್ಕೆ ಇನ್ನೊಂದು ಕ್ಲಾಸ್ ಬರೆಯಿರಿ, ಬಿಲ್ಲು ಸಂಗ್ರಹ ಎನ್ನಿ. ಅದು ಪಿಡಿಒ ಆಬ್ಜೆಕ್ಟನ್ನು ತಾನೇ ಸೃಷ್ಟಿಸದೆ ಕನ್‌ಸ್ಟ್ರಕ್ಟರ್ ಮೂಲಕ ಪಡೆಯಲಿ. ಒಂದೇ ಪಿಡಿಒವನ್ನು ಹತ್ತು ಕ್ಲಾಸುಗಳಿಗೆ ಕೊಟ್ಟರೆ ಹತ್ತು ನಕಲುಗಳಾಗುತ್ತವೆಯೇ ಎಂಬ ಅನುಮಾನ ನನಗಿತ್ತು. ಪಿಎಚ್‌ಪಿ 4ರಲ್ಲಿ ಆಬ್ಜೆಕ್ಟನ್ನು ಇನ್ನೊಂದು ವೇರಿಯಬಲ್‌ಗೆ ಕೊಟ್ಟರೆ ನಕಲಾಗುತ್ತಿದ್ದುದು ನಿಜ, ಹಳೆಯ ಪಾಠಗಳಲ್ಲಿ ಎಲ್ಲೆಲ್ಲೂ, ನಕಲು ಬೇಡ ಎಂದು ಹೇಳುವ ಆಂಪರ್‌ಸ್ಯಾಂಡ್ (&) ಚಿಹ್ನೆ ಕಾಣಿಸುವುದು ಅದರಿಂದಲೇ. 2004ರಲ್ಲಿ ಬಂದ ಪಿಎಚ್‌ಪಿ 5ರಿಂದೀಚೆಗೆ ದಾಟಿಹೋಗುವುದು ಆಬ್ಜೆಕ್ಟಿನ ಗುರುತು ಮಾತ್ರ. ನಕಲು ಬೇಕಾದರೆ ಕ್ಲೋನ್ ಎಂದು ಬರೆದೇ ಕೇಳಬೇಕು. ಇಂದು ಬರೆಯುವುದೂ ಸುಲಭವಾಗಿದೆ: 2020ರ ಪಿಎಚ್‌ಪಿ 8.0ರಿಂದ ಕನ್‌ಸ್ಟ್ರಕ್ಟರಿನ ಆವರಣದಲ್ಲೇ ಪ್ರೈವೇಟ್ ಎಂದು ಸೇರಿಸಿದರೆ ಪ್ರಾಪರ್ಟಿ (ಆಬ್ಜೆಕ್ಟಿನೊಳಗಿನ ವೇರಿಯಬಲ್) ತಾನಾಗಿ ಸಿದ್ಧವಾಗುತ್ತದೆ, 2021ರ 8.1ರಿಂದ ಜೊತೆಗೆ, ಒಮ್ಮೆ ಇಟ್ಟದ್ದು ಮತ್ತೆ ಬದಲಾಗದಂತೆ, ರೀಡ್‌ಓನ್ಲಿ ಎಂದೂ ಬರೆಯಬಹುದು.

ಸಂಪರ್ಕವನ್ನು ಸ್ಟ್ಯಾಟಿಕ್ ಆಗಿ, ಅಂದರೆ ಇಡೀ ಕ್ಲಾಸಿಗೆ ಒಂದೇ ಎಂಬಂತೆ, ಇಟ್ಟು ಎಲ್ಲ ಕೋಡೂ ಅಲ್ಲಿಂದಲೇ ಪಡೆಯಲಿ ಎಂದು ನಿಮಗೆ ಹಲವರು ಹೇಳಿಯಾರು. ಬೇರೊಂದು ಕೆಲಸದಲ್ಲಿ ಸಿಂಗಲ್‌ಟನ್ ಎಂಬ ಆ ದಾರಿಯಲ್ಲೇ ನಾನು ನಡೆದಿದ್ದೆ, ಸಂಪರ್ಕಗಳ ತೊಂದರೆ ಬರಲಿಲ್ಲ. ಆದರೆ ಏಪ್ರಿಲ್ 1ಕ್ಕೆ ಹೊಸ ಆರ್ಥಿಕ ವರ್ಷದ ಡೇಟಾಬೇಸ್ ಬೇರೆಯಾಗಿ ಶುರುವಾಯಿತು, ಹಿಂದಿನ ವರ್ಷದ ಬಿಲ್ಲುಗಳನ್ನು ಈ ವರ್ಷದವುಗಳ ಪಕ್ಕದಲ್ಲಿ ತೋರಿಸಬೇಕಾಯಿತು. ಸಿಂಗಲ್‌ಟನ್ ಕೊಡುವುದು ಒಂದೇ ಸಂಪರ್ಕವನ್ನು. ಕನ್‌ಸ್ಟ್ರಕ್ಟರ್ ಮೂಲಕ ಪಡೆದಿದ್ದರೆ ಒಂದು ಸಂಗ್ರಹಕ್ಕೆ ಹಳೆಯ ಪಿಡಿಒ, ಇನ್ನೊಂದಕ್ಕೆ ಹೊಸದು ಕೊಟ್ಟು ಕ್ಲಾಸಿನ ಒಂದು ಸಾಲನ್ನೂ ಮುಟ್ಟದೆ ಕೆಲಸ ಮುಗಿಸಬಹುದಿತ್ತು.

ಲಾರಾವೆಲ್‌ನಲ್ಲಿ ಎಲ್ಲ ಮಾಡೆಲ್‌ಗಳೂ (ಡೇಟಾಬೇಸಿನ ಟೇಬಲ್ಲುಗಳನ್ನು ಪ್ರತಿನಿಧಿಸುವ ಕ್ಲಾಸುಗಳು) ಮಾಡೆಲ್ ಎಂಬ ಒಂದೇ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡುತ್ತವಲ್ಲ ಎಂದು ನೀವು ಕೇಳಬಹುದು. ಮಾಡುತ್ತವೆ, ಆದರೆ ಅಲ್ಲಿ ಪ್ರತಿ ಆಬ್ಜೆಕ್ಟೂ ತನ್ನ ಸ್ವಂತ ಸಂಪರ್ಕ ತೆರೆಯುವುದಿಲ್ಲ, ಡೇಟಾಬೇಸ್ ಮ್ಯಾನೇಜರ್ ಇಟ್ಟುಕೊಂಡಿರುವ ಒಂದನ್ನೇ ಎಲ್ಲವೂ ಹೆಸರು ಹೇಳಿ ಕೇಳಿ ಪಡೆಯುತ್ತವೆ. ಈ ವ್ಯತ್ಯಾಸ ಕಣ್ಣಿಗೆ ಕಾಣುವ ಹಂತಕ್ಕೆ ಬಂದ ಮೇಲೆ ಲಾರಾವೆಲ್‌ಗೆ ಹೋಗಿ. ಒಂದು ಕ್ಲಾಸಿನಲ್ಲಿ ಯಾವ ಮೆಥಡ್‌ಗಳಿರಬೇಕು ಎಂದಷ್ಟೇ ಹೇಳುವ ಇಂಟರ್‌ಫೇಸನ್ನು, ಒಂದೇ ಕೆಲಸವನ್ನು ಎರಡು ರೀತಿಯಲ್ಲಿ ಮಾಡುವ ಕ್ಲಾಸುಗಳು ನಿಜವಾಗಿ ಎದುರಾದಾಗ ಕಲಿತರೆ ಸಾಕು.

ಸದ್ಯಕ್ಕೆ ನಿಮ್ಮ ಬಿಲ್ಲು ಕ್ಲಾಸಿನಿಂದ ಎಕ್ಸ್‌ಟೆಂಡ್ಸ್ ಡೇಟಾಬೇಸ್ ಎಂಬುದನ್ನು ಅಳಿಸಿ, ತಾಯಿಯ ಕನ್‌ಸ್ಟ್ರಕ್ಟರನ್ನು ಕರೆಯುವ ಸಾಲನ್ನೂ ತೆಗೆದು, ಪುಟವನ್ನು ತೆರೆಯಿರಿ. ಇಲ್ಲದ ಮೆಥಡನ್ನು ಕರೆಯಲಾಗಿದೆ ಎಂದು ಪಿಎಚ್‌ಪಿ ಒಂದು ಸಾಲಿನ ಸಂಖ್ಯೆ ಕೊಡುತ್ತದೆ. ಆ ಸಾಲಿನ ಕ್ವೆರಿಯನ್ನು ಸಂಗ್ರಹ ಕ್ಲಾಸಿಗೆ ಸಾಗಿಸಿ ಮತ್ತೆ ತೆರೆಯಿರಿ, ಅದು ಮುಂದಿನ ಸಾಲನ್ನು ತೋರಿಸುತ್ತದೆ. ದೋಷಗಳು ನಿಂತ ಮೇಲೆ ಗ್ರಾಹಕ, ಸರಕು ಕ್ಲಾಸುಗಳಿಗೂ ಹೀಗೆಯೇ ಮಾಡಿ, ಎಲ್ಲೆಲ್ಲಿ ಸಿಕ್ಕಿಕೊಂಡಿರೋ ಆ ಕೋಡನ್ನು ಕಾಮೆಂಟಿನಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.