ಮನೆ ದುರಸ್ತಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನಮ್ಮದು 1950ರ ದಶಕದ ಒಂದಂತಸ್ತಿನ ಮರದ ಮನೆ. ಕಾಂಕ್ರೀಟ್ ಅಡಿಪಾಯಕ್ಕೂ ಮನೆಯ ನೆಲಕ್ಕೂ ನಡುವೆ ಮೂರಡಿ ಎತ್ತರದ ಗಿಡ್ಡ ಮರದ ಗೋಡೆಯಿದೆ. ಭೂಕಂಪಕ್ಕೆ ಅದರ ಮೂಲೆಗಳಿಗೆ ಓರೆಪಟ್ಟಿ ಹೊಡೆದರೆ ಸಾಕೆ?

ಉತ್ತರ: ಸಾಲದು. 1989ರ ಲೋಮಾ ಪ್ರಿಯೇಟಾ ಭೂಕಂಪದಲ್ಲಿ ಅಡಿಪಾಯದಿಂದ ಜಾರಿದ ಮನೆಗಳಲ್ಲಿ ಸೋತದ್ದು ಹೆಚ್ಚಾಗಿ ಇದೇ ಗಿಡ್ಡ ಗೋಡೆ. ಅಡಿಪಾಯಕ್ಕೆ ಬಿಗಿಯುವ ಬೋಲ್ಟ್ ಇಲ್ಲದಿದ್ದರೆ ಗೋಡೆ ಕಾಂಕ್ರೀಟ್ ಮೇಲೆ ಜಾರುತ್ತದೆ, ಗೋಡೆಗೆ ಹೊಡೆದ ಪ್ಲೈವುಡ್ ಇಲ್ಲದಿದ್ದರೆ ಇಸ್ಪೀಟೆಲೆಯಂತೆ ಒಂದೇ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಎರಡೂ ಬೇಕು.

ಮೊದಲು ಗೆದ್ದಲು, ಕೊಳೆತ ನೋಡಿ. ಕೆಟ್ಟ ಮರ ಬದಲಿಸಿ. ಆಮೇಲೆ ಬೋಲ್ಟ್: ಆರಡಿಗೊಂದು, ಅಡಿಪಟ್ಟಿಯ (ಕಾಂಕ್ರೀಟ್ ಮೇಲೆ ಮಲಗಿರುವ ಮರ) ಪ್ರತಿ ತುಂಡಿನ ತುದಿಯಿಂದ 12 ಇಂಚಿನೊಳಗೆ ಒಂದು. ಅಡಿಪಟ್ಟಿ ಒಂದೇ ತುಂಡಾಗಿರುವ 30 ಅಡಿ ಗೋಡೆಗೆ ಆರು ಬೇಕಾಗುತ್ತವೆ. ವಾಷರ್ 3 ಇಂಚು ಚದರದ ದಪ್ಪ ಪ್ಲೇಟೇ ಆಗಿರಲಿ. ಸಣ್ಣ ದುಂಡು ವಾಷರ್ ಇದ್ದರೆ ಅಡಿಪಟ್ಟಿ ಸೀಳುತ್ತದೆ. ಹಳೆಯ ಮೆದು ಕಾಂಕ್ರೀಟಿನಲ್ಲಿ ಬೋಲ್ಟನ್ನು ಎಪಾಕ್ಸಿ ಅಂಟಿನಿಂದ ಕೂರಿಸುವುದು ಒಳ್ಳೆಯದು. ಆದರೆ ರಂಧ್ರವನ್ನು ಬ್ರಷ್ ಹಾಕಿ ಉಜ್ಜಿ, ಗಾಳಿ ಊದಿ ಧೂಳು ತೆಗೆಯದಿದ್ದರೆ ಅಂಟು ಧೂಳನ್ನೇ ಹಿಡಿಯುತ್ತದೆ.

ಹಲವು ಹಳೆ ಮನೆಗಳಲ್ಲಿ ಅಡಿಪಟ್ಟಿ ಸ್ಟಡ್‌ಗಿಂತ (ಗೋಡೆಯೊಳಗಿನ ನೆಟ್ಟನೆಯ ಮರ) ಅಗಲ, ಹಾಗಾಗಿ ಪ್ಲೈವುಡ್‌ನ ಕೆಳ ಅಂಚಿಗೆ ಮೊಳೆ ಹಿಡಿಯಲು ಮರವೇ ಸಿಗದು. ಸ್ಟಡ್‌ಗಳ ನಡುವೆ ಅಡಿಪಟ್ಟಿಯ ಮೇಲೆ ಮರದ ತುಂಡು ಕೂರಿಸಿ, ಮೊದಲೇ ತೂತು ಕೊರೆದು ಮೊಳೆ ಹೊಡೆಯಿರಿ. ತುಂಡು ಸೀಳಿದರೆ ಬದಲಿಸಲೇಬೇಕು, ಏಕೆಂದರೆ ಪ್ಲೈವುಡ್‌ನ ಬಲವೆಲ್ಲ ಅದರ ಮೂಲಕವೇ ಬೋಲ್ಟಿಗೆ ಹೋಗುತ್ತದೆ. ಸ್ಟಡ್‌ಗಳ ತಲೆಯ ಮೇಲಿನ ಮೇಲುಪಟ್ಟಿಗೂ ನೆಲದ ತೊಲೆಗಳಿಗೂ ಲೋಹದ ಕೋನ ಹಾಕಿ.

ಪ್ಲೈವುಡ್ ಕೊನೆಗೆ. 15/32 ಇಂಚು ದಪ್ಪ ಸಾಕು. ಅಂಗಡಿಯಲ್ಲಿ ‘8ಡಿ ಕಾಮನ್’ ಎನ್ನುವ ಎರಡೂವರೆ ಇಂಚಿನ ಮೊಳೆ. ಅಂಚುಗಳಲ್ಲಿ 4 ಇಂಚಿಗೊಂದು, ನಡುವಿನ ಸ್ಟಡ್‌ಗಳಿಗೆ 12 ಇಂಚಿಗೊಂದು. ಮೂಲೆಯಿಂದಲೇ ಶುರುಮಾಡಿ: ಪ್ರತಿ ತುದಿಯಲ್ಲಿ ಗೋಡೆಯ ಎತ್ತರದ ಎರಡು ಪಟ್ಟು, ಅಂದರೆ ನಿಮ್ಮಲ್ಲಿ ಆರಡಿ, ಒಟ್ಟು ಗೋಡೆಯ ಕನಿಷ್ಠ ಅರ್ಧ ಉದ್ದ. ಹಾಳೆಗಳ ನಡುವೆ 1/8 ಇಂಚು ಸಂದು ಬಿಡಿ. ಅತಿ ಹೆಚ್ಚು ಕೆಡುವುದು ಇಲ್ಲಿ: ಮೊಳೆ ಹೊಡೆಯುವ ಗಾಳಿ ಗನ್ನಿನ ಒತ್ತಡ ಜಾಸ್ತಿಯಾಗಿ ಮೊಳೆತಲೆ ಮೇಲ್ಪದರ ಹರಿದು ಒಳಹೊಕ್ಕರೆ ಹಿಡಿತ ಹೋಯಿತು. ಒತ್ತಡ ಇಳಿಸಿ, ಕೊನೆಯ ಏಟು ಸುತ್ತಿಗೆಯಲ್ಲಿ ಕೊಡಿ. ಪ್ರತಿ ಸ್ಟಡ್ ಸಂದಿನ ಮೇಲೂ ಕೆಳಗೂ 2–3 ಇಂಚಿನ ಗಾಳಿತೂತು ಬೇಕು, ಇಲ್ಲದಿದ್ದರೆ ತೇವ ನಿಂತು ಮರ ಕೊಳೆಯುತ್ತದೆ. ಅಡಿಪಾಯದ ಗೋಡೆಯಲ್ಲಿ ಈಗಿರುವ ಗಾಳಿಜಾಲರಿಗಳನ್ನೂ ಮುಚ್ಚಬೇಡಿ.

ಪರವಾನಗಿ ಪಡೆಯಿರಿ, ಪ್ಲೈವುಡ್ ಮುಚ್ಚುವ ಮೊದಲು ಕಟ್ಟಡ ತಪಾಸಕರಿಗೆ ಬೋಲ್ಟ್ ತೋರಿಸಿ. ಗೋಡೆ ನಾಲ್ಕಡಿ ಮೀರಿದ್ದರೆ, ಮನೆ ಇಳಿಜಾರಿನಲ್ಲಿದ್ದರೆ, ಅಡಿಪಾಯ ಇಟ್ಟಿಗೆಯದಾದರೆ ಈ ಲೆಕ್ಕ ನಡೆಯದು. ಎಂಜಿನಿಯರ್ ಬೇಕು.

ಪ್ರಶ್ನೆ: ಗೋಡೆಯ ಜಿಪ್ಸಮ್ ಬೋರ್ಡ್ ಕಿತ್ತಾಗ ಮೂಲೆಯಲ್ಲಿ ಸ್ಟಡ್‌ಗಳಿಗೆ ಕಚ್ಚುಹಾಕಿ ಓರೆಯಾಗಿ ಕೂರಿಸಿದ ಹಲಗೆ ಕಂಡಿತು. ಪೈಪಿಗಾಗಿ ಕತ್ತರಿಸಬಹುದೆ?

ಉತ್ತರ: ಬೇಡ, ಪೈಪನ್ನೇ ಬೇರೆ ಸಂದಿಗೆ ಒಯ್ಯಿರಿ. ಗೋಡೆ ಓರೆಯಾಗದಂತೆ ಹಿಡಿದಿರುವುದು ಅದೇ. ಕತ್ತರಿಸಲೇಬೇಕಾದರೆ ಮೊದಲು ತಾತ್ಕಾಲಿಕ ಆಸರೆ ಕೊಟ್ಟು, ಆ ಮೂಲೆಗೆ ಅಡಿಪಟ್ಟಿಯಿಂದ ಮೇಲುಪಟ್ಟಿಯವರೆಗೆ ನಾಲ್ಕಡಿ ಅಗಲದ ಪ್ಲೈವುಡ್ ಹಾಳೆ ಹೊಡೆಸಿ.