ಆ ಫೋನನ್ನು ಚಾರ್ಜಿಗೆ ಹಾಕಿದವರು ಯಾರು?

ನಿಮ್ಮ ಚಿತ್ರಕಥೆ ಓದಿದೆ. 104 ಪುಟ, ಮಧ್ಯೆ ಎದ್ದೇಳದೆ ಓದಿದೆ. ಮುಗಿಸುವಾಗ ನನಗೆ ಸಿಟ್ಟು ಬಂದಿತ್ತು. ಅದಕ್ಕೇ ಈ ಉತ್ತರ ಉದ್ದವಾಗುತ್ತದೆ. ಏನೂ ಅನ್ನಿಸದ ಬರಹವಾಗಿದ್ದರೆ ಎರಡು ಸಾಲು ಬರೆದು ಕಳಿಸಿಬಿಡುತ್ತಿದ್ದೆ.

ನಿಮ್ಮ ಪತ್ರದಲ್ಲಿ ಕಥೆಯನ್ನು ಹೀಗೆ ಹೇಳಿದ್ದೀರಿ: ಅಪ್ಪ ಇದ್ದಕ್ಕಿದ್ದಂತೆ ತೀರಿಕೊಳ್ಳುತ್ತಾರೆ. ಮನೆಯಲ್ಲಿ ಉಳಿಯುವುದು ಅಮ್ಮ, ಹದಿನೇಳರ ಅಣ್ಣ, ಹನ್ನೆರಡರ ತಂಗಿ. ಆ ದುಃಖದ ಮಧ್ಯೆ ಹುಡುಗಿ ಬೆಳೆಯುವುದೇ ಸಿನಿಮಾ. ನಿರ್ಮಾಪಕರಿಲ್ಲ, ಸ್ನೇಹಿತರೆಲ್ಲ ದುಡ್ಡು ಹಾಕಿ ಮಾಡುತ್ತೀರಿ. ಒಂದೇ ಮನೆ, ಐದು ಪಾತ್ರ. ಇದು ಜಾಣ ಲೆಕ್ಕ. ಚಿಕ್ಕಪ್ಪನ ಪಾತ್ರವೂ ಚೆನ್ನಾಗಿದೆ. ಮೆಚ್ಚಿಕೆ ಇಷ್ಟು ಸಾಕು, ಈಗ ಪುಟ 14ಕ್ಕೆ ಬನ್ನಿ.

"ಬೆಳಗಿನ ಜಾವ 5.30. ಅಪ್ಪನ ಫೋನಿನ ಅಲಾರಂ ಹೊಡೆಯುತ್ತದೆ. ಅಪ್ಪ ಹೋಗಿ 20 ದಿನವಾಗಿದೆ. ಹುಡುಗಿ ಕಣ್ಣು ಬಿಡುತ್ತಾಳೆ."

ಇಲ್ಲಿ ನಾನು ಓದುವುದನ್ನು ನಿಲ್ಲಿಸಿದೆ. ಯಾವ ಫೋನಿನ ಬ್ಯಾಟರಿ 20 ದಿನ ಬರುತ್ತದೆ ಹೇಳಿ? ಅಂದರೆ ಆ ಮನೆಯಲ್ಲಿ ಯಾರೋ ಒಬ್ಬರು ಅದನ್ನು ಚಾರ್ಜಿಗೆ ಹಾಕುತ್ತಿದ್ದಾರೆ, ದಿನಾ ರಾತ್ರಿ, ಯಾರಿಗೂ ಹೇಳದೆ. ಅಮ್ಮನಾ? ತಡವಾಗಿ ಮನೆಗೆ ಬಂದು ಯಾರ ಹತ್ತಿರವೂ ಮಾತಾಡದೆ ಮಲಗುವ ಅಣ್ಣನಾ? ಹುಡುಗಿಯೇನಾ? ಅಥವಾ ಮೂವರೂ, ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ? ನನ್ನ ಮೈ ಜುಂ ಅಂದಿತು. ಮುಂದಿನ ಪುಟಗಳನ್ನು ಆಸೆಯಿಂದ ತಿರುಗಿಸಿದೆ. ನೀವು ಏನು ಬರೆದಿದ್ದೀರಿ ಅಂತ ನಿಮಗೇ ಗೊತ್ತಾಗಿಲ್ಲ ಅನ್ನಿಸುತ್ತದೆ. ಯಾಕೆಂದರೆ ಆ ಫೋನು ಆಮೇಲೆ ಬರುವುದು ಒಂದೇ ಕಡೆ, ಅದೂ ಅರ್ಧ ಸಾಲು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಅದರ ಮುಂದಿನ ಸಾಲು ನೋಡಿ. ಹುಡುಗಿ ಹೇಳುತ್ತಾಳೆ: "ಅಮ್ಮಾ, ಅಪ್ಪ ಹೋದರೂ ಅವರ ಅಲಾರಂ ಮಾತ್ರ ನಮ್ಮನ್ನು ಎಬ್ಬಿಸುತ್ತಲೇ ಇದೆ."

ಹನ್ನೆರಡು ವರ್ಷದ ಮಗು, ನಿದ್ದೆಗಣ್ಣಲ್ಲಿ, ಹೀಗೆ ಮಾತಾಡುತ್ತದಾ? ಇದು ನಿಮ್ಮ ಮಾತು, ಅವಳ ಬಾಯಿಗೆ ತುರುಕಿದ್ದೀರಿ. ಅವಳು ಹೊದಿಕೆ ಮುಖದ ಮೇಲೆ ಎಳೆದುಕೊಳ್ಳುತ್ತಾಳೆ. ಅಥವಾ ಯಾರಾದರೂ ಎದ್ದು ಆಫ್ ಮಾಡುತ್ತಾರಾ ಅಂತ ಉಸಿರು ಬಿಗಿಹಿಡಿದು ಕಾಯುತ್ತಾಳೆ.

ಅದಕ್ಕೆ ಅಮ್ಮನ ಉತ್ತರ, ಬ್ರಾಕೆಟಿನಲ್ಲಿ 'ಕಣ್ಣೀರು ಒರೆಸಿಕೊಳ್ಳುತ್ತಾ': "ಕಾಲ ಯಾರಿಗೂ ನಿಲ್ಲುವುದಿಲ್ಲ ಮಗಳೇ."

ಮನೆಯೊಳಗೆ ಯಾವ ಅಮ್ಮ ಮಗಳನ್ನು 'ಮಗಳೇ' ಅಂತ ಕರೆಯುತ್ತಾಳೆ? ಅದು ಪೌರಾಣಿಕ ನಾಟಕದ ಸಂಬೋಧನೆ. ಪುಟ್ಟೀ ಅನ್ನುತ್ತಾಳೆ, ಏಯ್ ಅನ್ನುತ್ತಾಳೆ, ಅರ್ಧ ಹೆಸರು ಹಿಡಿದು ಕರೆಯುತ್ತಾಳೆ. ಗಂಡ ಸತ್ತು 20 ದಿನಕ್ಕೆ, ಬೆಳಗಿನ ಜಾವದಲ್ಲಿ, ಗಾದೆಯಂಥ ಮಾತನ್ನಂತೂ ಯಾರೂ ಆಡುವುದಿಲ್ಲ. ಕೆಳಗೆ ಇನ್ನೊಂದು ಸಾಲು: "ಹಿನ್ನೆಲೆಯಲ್ಲಿ ವಿಷಾದದ ಸಂಗೀತ." ಹುಡುಗಿಯ ಮಾತಿನಲ್ಲಿ ಒಂದು ಸಲ ಅತ್ತಿರಿ, ಅಮ್ಮನ ಮಾತಿನಲ್ಲಿ ಒಂದು ಸಲ, ಕಣ್ಣೀರಿನಲ್ಲಿ ಒಂದು ಸಲ, ಪಿಟೀಲಿನಲ್ಲಿ ಇನ್ನೊಂದು ಸಲ. ನೋಡುವವರಿಗೆ ಅಳೋಕೆ ಏನು ಉಳಿಸಿದಿರಿ? ಇಡೀ ಚಿತ್ರಕಥೆಯಲ್ಲಿ ಕಣ್ಣೀರಿನ ಬ್ರಾಕೆಟ್ 31 ಇವೆ. ಪೆನ್ಸಿಲ್ ಹಿಡಿದು ಎಣಿಸಿದ್ದೇನೆ.

ಸಂಗೀತ ಬೇಡ ಅನ್ನುತ್ತಿಲ್ಲ. 1955ರ ಬಂಗಾಳಿ ಸಿನಿಮಾ 'ಪಥೇರ್ ಪಾಂಚಾಲಿ'ಯನ್ನು ಮತ್ತೊಮ್ಮೆ ನೋಡಿ. ಮನೆಯ ಮಗಳು ದುರ್ಗಾ ಸತ್ತುಹೋಗಿದ್ದಾಳೆ. ಅದು ಗೊತ್ತಿಲ್ಲದೆ ಅಪ್ಪ ಊರಿಂದ ಬಂದು, ಮಗಳಿಗೆ ತಂದ ಸೀರೆಯನ್ನು ಹೆಂಡತಿಯ ಕೈಗೆ ಕೊಡುತ್ತಾನೆ. ಅವಳು ಕುಸಿದು ಅಳುತ್ತಾಳೆ. ಆದರೆ ಅವಳ ಅಳು ನಮಗೆ ಕೇಳುವುದೇ ಇಲ್ಲ. ಆ ಜಾಗದಲ್ಲಿ ತಾರ್ ಶಹನಾಯಿ ಅನ್ನುವ ತಂತಿವಾದ್ಯದ ಎತ್ತರದ ಸ್ವರ ಕೇಳುತ್ತದೆ. ನಿರ್ದೇಶಕ ಸತ್ಯಜಿತ್ ರಾಯ್ ಅಳುವಿನ ಮೇಲೆ ಸಂಗೀತ ಹಾಕಲಿಲ್ಲ, ಅಳುವನ್ನು ತೆಗೆದು ಸಂಗೀತ ಇಟ್ಟರು. ಎರಡರಲ್ಲಿ ಒಂದೇ.

ನನಗೆ ಈ ವಿಷಯ ಇಷ್ಟು ಚುಚ್ಚುವುದಕ್ಕೆ ಕಾರಣ ಇದೆ. ನಾನು ಬರೆಯಲು ಶುರು ಮಾಡಿದಾಗ ಒಬ್ಬ ಹಿರಿಯ ಸಂಕಲನಕಾರರ ಹತ್ತಿರ ಸಹಾಯಕನಾಗಿದ್ದೆ. ನನ್ನ ಅಮ್ಮ ಹೋಗಿ ವರ್ಷ ತುಂಬಿರಲಿಲ್ಲ. ಆ ಬಗ್ಗೆ ಒಂದು ಚಿತ್ರಕಥೆ ಬರೆದು ಅವರಿಗೆ ಕೊಟ್ಟೆ. ಯಾವ ಮಾತಿನಲ್ಲಿ ಪಾತ್ರ ತನ್ನ ದುಃಖವನ್ನು ತಾನೇ ವಿವರಿಸುತ್ತದೋ ಅಲ್ಲೆಲ್ಲ ಅವರು ಪೆನ್ಸಿಲಿನಲ್ಲಿ ಗೆರೆ ಎಳೆದು ವಾಪಸ್ ಕೊಟ್ಟರು. ಕೆಲವು ಪುಟಗಳಲ್ಲಿ ಒಂದು ಮಾತೂ ಉಳಿದಿರಲಿಲ್ಲ. ನನಗೆ ತುಂಬಾ ನೋವಾಯಿತು. "ಇದೆಲ್ಲ ನಿಜವಾಗಿ ಆಗಿದ್ದು ಸಾರ್" ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಅವತ್ತು ನೀನು ಏನು ಮಾಡ್ತಿದ್ದೆ?" ಅಂತ ಕೇಳಿದರು. ನಾನು ಸುಮಾರು ಹೊತ್ತು ಸುಮ್ಮನಿದ್ದೆ. ಆಮೇಲೆ ನೆನಪಾಯಿತು. ಬಂದವರಿಗೆ ಕೂರಲು ಬಾಡಿಗೆ ಕುರ್ಚಿ ತರಿಸಿದ್ದೆವು, ಎಲ್ಲರೂ ಹೋದ ಮೇಲೆ ನಾನು ಅವನ್ನು ಎಣಿಸುತ್ತಿದ್ದೆ. ಎರಡು ಕಡಿಮೆ ಬರುತ್ತಿದ್ದವು. ಮತ್ತೆ ಎಣಿಸಿದೆ, ಮತ್ತೆ ಎಣಿಸಿದೆ. ಕತ್ತಲಾಗುವವರೆಗೂ ಅದೇ ಕೆಲಸ. ಒಳಗೆ ಹೋಗಲು ನನಗೆ ಆಗುತ್ತಿರಲಿಲ್ಲ ಅಂತ ಅವರಿಗೆ ಹೇಳುವಾಗಲೇ ನನಗೂ ಗೊತ್ತಾದದ್ದು. ನನ್ನ ಚಿತ್ರಕಥೆಯಲ್ಲಿ ಕುರ್ಚಿ ಎಲ್ಲೂ ಇರಲಿಲ್ಲ.

ನಿಮ್ಮಲ್ಲಿ ಫೋನ್ ಇದೆ. ಇದ್ದೂ ಬಿಟ್ಟಿದ್ದೀರಿ. ನನ್ನ ಸಿಟ್ಟು ಅದಕ್ಕೇ.

ಇನ್ನೊಂದು ತಪ್ಪು ಪುಟ 71ರಲ್ಲಿದೆ. ಕಪ್ಪು ಪರದೆ, ಅದರ ಮೇಲೆ "ಮೂರು ವರ್ಷಗಳ ನಂತರ". ಪರದೆ ತೆರೆದರೆ ಹುಡುಗಿ ಹದಿನೈದರವಳು. ಮನೆ ನೋಡಿಕೊಳ್ಳುತ್ತಾಳೆ, ಅಣ್ಣನಿಗೆ ಬುದ್ಧಿ ಹೇಳುತ್ತಾಳೆ. "ನಾನೀಗ ದೊಡ್ಡವಳಾಗಿದ್ದೀನಿ ಅಮ್ಮ, ನೀನು ಚಿಂತೆ ಮಾಡಬೇಡ" ಅನ್ನುತ್ತಾಳೆ. ಈ ವಯಸ್ಸಿನ ಹುಡುಗಿ 'ದೊಡ್ಡವಳಾದೆ' ಅಂದರೆ ಕನ್ನಡದಲ್ಲಿ ಮೊದಲು ಯಾವ ಅರ್ಥ ಬರುತ್ತದೆ ಅಂತ ನಿಮಗೂ ಗೊತ್ತು. ನೀವು ಹೇಳಲು ಹೊರಟದ್ದು ಅದಲ್ಲ. ಆದರೆ ಅದು ಸಣ್ಣ ವಿಷಯ, ಒಂದು ಪದ ಬದಲಿಸಿದರೆ ಸರಿಹೋಗುತ್ತದೆ.

ದೊಡ್ಡ ವಿಷಯ ಏನೆಂದರೆ, ಅವಳು ಬೆಳೆದದ್ದನ್ನು ನೋಡಲು ನಾವು ಬಂದಿದ್ದೆವು, ನೀವು ಅಷ್ಟನ್ನು ಮಾತ್ರ ಪರದೆಯ ಹಿಂದೆ ಮುಗಿಸಿಬಿಟ್ಟಿರಿ. ನಿಮ್ಮ ಬಜೆಟಿಗೂ ಇದು ಹೊರೆ. ಹನ್ನೆರಡಕ್ಕೆ ಒಬ್ಬಳು, ಹದಿನೈದಕ್ಕೆ ಇನ್ನೊಬ್ಬಳು, ಇಬ್ಬರನ್ನೂ ಹುಡುಕಬೇಕು. ರಾಯ್ 1952ರಲ್ಲಿ 'ಪಥೇರ್ ಪಾಂಚಾಲಿ'ಯ ಶೂಟಿಂಗ್ ಶುರು ಮಾಡಿ, ದುಡ್ಡಿಲ್ಲದೆ ಮತ್ತೆ ಮತ್ತೆ ನಿಲ್ಲಿಸಬೇಕಾಯಿತು. ಅಷ್ಟರಲ್ಲಿ ದುರ್ಗಾಳ ತಮ್ಮ ಅಪುವಿನ ಪಾತ್ರದ ಹುಡುಗನ ದನಿ ಒಡೆಯಲಿಲ್ಲ, ದುರ್ಗಾ ಪಾತ್ರದ ಹುಡುಗಿ ಬೆಳೆದುಬಿಡಲಿಲ್ಲ, ಅಜ್ಜಿಯ ಪಾತ್ರ ಮಾಡಿದ ಮುದುಕಿ ಸಾಯಲಿಲ್ಲ, ಈ ಮೂರೂ ಪವಾಡಗಳೇ ಅಂತ ಆಮೇಲೆ ನೆನೆಸಿಕೊಳ್ಳುತ್ತಿದ್ದರು. ಆದರೂ ಅದೇ ಸಿನಿಮಾದಲ್ಲಿ ಅಪು ಬೆಳೆಯುತ್ತಾನೆ. ಅಕ್ಕ ಕದ್ದಿದ್ದ ಸರ ಅವಳು ಸತ್ತ ಮೇಲೆ ಅವನ ಕೈಗೆ ಸಿಗುತ್ತದೆ. ಅವನು ಅದನ್ನು ಕೊಳಕ್ಕೆ ಎಸೆಯುತ್ತಾನೆ, ನೀರಿನ ಮೇಲಿನ ಪಾಚಿ ಸರಿದು ಮತ್ತೆ ಮುಚ್ಚಿಕೊಳ್ಳುತ್ತದೆ. ಒಂದು ಮಾತಿಲ್ಲ, ಇಸವಿ ಹೇಳುವ ಫಲಕವೂ ಇಲ್ಲ.

ನಿಮ್ಮ ಹುಡುಗಿಯೂ ಬೆಳೆಯುತ್ತಾಳೆ, ಪುಟ 58ರಲ್ಲಿ. ದಿನಚರಿಯ ತುಣುಕುಗಳ ಮಧ್ಯೆ ನೀವು ಅವಸರದಲ್ಲಿ ಬರೆದ ಅರ್ಧ ಸಾಲು ಇದು: "ಅಪ್ಪನ ಫೋನಿಗೆ ಯಾರದೋ ಕರೆ, ಹೊರಗೆ ಹೋಗಿದ್ದಾರೆ ಸಂಜೆ ಮಾಡಿ ಅನ್ನುತ್ತಾಳೆ." ಮುಂದಿನ ತುಣುಕಿನಲ್ಲಿ ಅವಳು ಬಟ್ಟೆ ಮಡಿಸುತ್ತಿದ್ದಾಳೆ. ಅಲ್ಲಿಂದ ಯಾಕೆ ಓಡಿಹೋದಿರಿ? ಅವಳು ಆ ಸುಳ್ಳು ಯಾಕೆ ಹೇಳಿದಳು? ಯಾರೂ ಹೇಳಿಕೊಡದೆ, ಯೋಚಿಸದೆ, ಬಾಯಿಗೆ ಬಂದುಬಿಟ್ಟಿತಲ್ಲ. ಈಗ ಆ ಮನುಷ್ಯ ನಿಜವಾಗಿಯೂ ಸಂಜೆ ಮತ್ತೆ ಫೋನ್ ಮಾಡುತ್ತಾನೆ. ಅಮ್ಮ ಪಕ್ಕದ ಕೋಣೆಯಲ್ಲಿದ್ದಾಳೆ, ಅಣ್ಣ ಅವತ್ತು ಬೇಗ ಬಂದಿದ್ದಾನೆ, ಮೂವರಿಗೂ ಆ ರಿಂಗ್ ಕೇಳುತ್ತಿದೆ.

ಉಳಿದ ಪುಟಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಆ ಸಂಜೆಯ ದೃಶ್ಯ ಒಂದನ್ನೇ ಬರೆಯಿರಿ, ನಾಲ್ಕು ಪುಟ ಆದರೂ ಪರವಾಗಿಲ್ಲ. ಚಾರ್ಜರ್ ಯಾವ ಕೋಣೆಯಲ್ಲಿದೆ ಅನ್ನುವುದನ್ನು ಮೊದಲು ನೀವು ತೀರ್ಮಾನ ಮಾಡಿಕೊಳ್ಳಿ. ಆಮೇಲೆ ಫೋನ್ ಯಾರು ಎತ್ತಿದರು ಅಂತ ಬರೆದು ನನಗೆ ಕಳಿಸಿ. ಬಂದ ದಿನವೇ ಓದುತ್ತೇನೆ.