ಕಂಪ್ಯೂಟರ್ ಪ್ರಶ್ನೋತ್ತರ: ಎಕ್ಸ್‌ಪಿಯ ಫೈಲು ವಿಂಡೋಸ್ 11ಕ್ಕೆ

ಪ್ರಶ್ನೆ: ನಮ್ಮ ಮುದ್ರಣಾಲಯದಲ್ಲಿ ಪುಟವಿನ್ಯಾಸದ ಪೇಜ್‌ಮೇಕರ್‌ಗೆಂದೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಒಂದನ್ನು ಉಳಿಸಿಕೊಂಡಿದ್ದೇವೆ. ಅದಕ್ಕೂ ಹೊಸ ವಿಂಡೋಸ್ 11 ಯಂತ್ರಕ್ಕೂ ಒಂದೇ ರೂಟರಿನಿಂದ ಕೇಬಲ್ ಎಳೆದಿದೆ. ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಷೇರ್ ಮಾಡಿದ ಫೋಲ್ಡರ್ ಮಾತ್ರ ತೆರೆಯುವುದಿಲ್ಲ. ವಿಂಡೋಸ್ 11ರಲ್ಲಿ ಎಸ್‌ಎಂಬಿ1 (ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಹಳೆಯ ವಿಧಾನ) ಆನ್ ಮಾಡಿ ಎನ್ನುತ್ತಾರೆ. ಮಾಡಬಹುದೇ?
– ಓದುಗರು, ಗದಗ

ಉತ್ತರ: ದಯವಿಟ್ಟು ಮಾಡಬೇಡಿ. ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿ1 ಒಂದೇ. ಎರಡನೆಯ ಆವೃತ್ತಿ ಬಂದದ್ದೇ ವಿಸ್ಟಾ ಜೊತೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡಿದ್ದು ವಿಂಡೋಸಿನ ಈ ಎಸ್‌ಎಂಬಿ1ರಲ್ಲಿದ್ದ ದೋಷ ಹಿಡಿದು. ಲೆಕ್ಕಪತ್ರ, ಬ್ಯಾಂಕ್ ವ್ಯವಹಾರ ಎಲ್ಲ ಇರುವ ಹೊಸ ಯಂತ್ರದಲ್ಲಿ ಅದನ್ನು ಮತ್ತೆ ತೆರೆಯಬಾರದು.

ನಡುವೆ ಮೂರನೆಯ ಯಂತ್ರವೊಂದನ್ನು ಇಟ್ಟು ಎರಡೂ ಕಡೆಯಿಂದ ಅದರ ಮೂಲಕವೇ ಫೈಲ್ ಸಾಗಿಸಿ: ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಅಥವಾ ಡೆಬಿಯನ್ ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪ್ ಸಾಕು. ಅದರಲ್ಲಿ ವಿಂಡೋಸ್ ಯಂತ್ರಗಳಿಗೆ ಫೋಲ್ಡರ್ ಷೇರ್ ಮಾಡುವ ಸಾಂಬಾ ತಂತ್ರಾಂಶ ಹಾಕಿ. 2019ರ 4.11ನೇ ಆವೃತ್ತಿಯಿಂದ ಸಾಂಬಾ ಕೂಡ ಎಸ್‌ಎಂಬಿ1 ಮಾತ್ರ ಬಲ್ಲ ಹಳಬರನ್ನು ತಾನಾಗಿ ಒಳಬಿಡುವುದಿಲ್ಲ. ಹಾಗಾಗಿ ಅದರ ಸೆಟ್ಟಿಂಗ್ ಫೈಲಿನ ಗ್ಲೋಬಲ್ ಭಾಗದಲ್ಲಿ ‘ಸರ್ವರ್ ಮಿನ್ ಪ್ರೊಟೊಕಾಲ್ = ಎನ್‌ಟಿ1’ ಎಂಬ ಸಾಲನ್ನು (ಎನ್‌ಟಿ1 ಎಂದರೆ ಎಸ್‌ಎಂಬಿ1) ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ಸಾಂಬಾವನ್ನು ರೀಸ್ಟಾರ್ಟ್ ಮಾಡಬೇಕು. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಷೇರ್ ಬೇಡ. ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿ ಅದನ್ನು ತೆರೆಯದು.

ಇಷ್ಟಾದ ಮೇಲೂ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಎಕ್ಸ್‌ಪಿ ಮತ್ತೆ ಮತ್ತೆ ಅದನ್ನೇ ಕೇಳುತ್ತದೆ. ಬಹಳ ಜನ ಕೈಬಿಡುವುದು ಇಲ್ಲಿಯೇ. ಎಕ್ಸ್‌ಪಿ ಪಾಸ್‌ವರ್ಡನ್ನು ರುಜುವಾತುಪಡಿಸುವ ಹಳೆಯ ವಿಧಾನವನ್ನು ಸಾಂಬಾ ತಿರಸ್ಕರಿಸುತ್ತಿರುತ್ತದೆ. ಸಾಂಬಾವನ್ನು ಸಡಿಲಿಸುವ ಬದಲು ಎಕ್ಸ್‌ಪಿಯನ್ನೇ ಬಿಗಿ ಮಾಡಿ: ಕಂಟ್ರೋಲ್ ಪ್ಯಾನೆಲ್, ಅಡ್ಮಿನಿಸ್ಟ್ರೇಟಿವ್ ಟೂಲ್ಸ್, ಲೋಕಲ್ ಸೆಕ್ಯುರಿಟಿ ಪಾಲಿಸಿ, ಲೋಕಲ್ ಪಾಲಿಸೀಸ್, ಸೆಕ್ಯುರಿಟಿ ಆಪ್ಷನ್ಸ್, ಅಲ್ಲಿ ಲ್ಯಾನ್ ಮ್ಯಾನೇಜರ್ ಅಥೆಂಟಿಕೇಶನ್ ಲೆವೆಲ್ ಎಂಬುದರಲ್ಲಿ ಎನ್‌ಟಿಎಲ್‌ಎಂ ವಿ2 (ರುಜುವಾತಿನ ಹೊಸ ವಿಧಾನ) ಮಾತ್ರ ಕಳಿಸುವ ಆಯ್ಕೆ ಒತ್ತಿ. ಎಕ್ಸ್‌ಪಿ ಹೋಮ್‌ನಲ್ಲಿ ಈ ಕಿಟಕಿ ಇಲ್ಲ; ರಿಜಿಸ್ಟ್ರಿಯಲ್ಲಿ ‘ಎಲ್‌ಎಂ ಕಂಪ್ಯಾಟಿಬಿಲಿಟಿ ಲೆವೆಲ್’ ಬೆಲೆಯನ್ನು 3 ಮಾಡಬೇಕು.

ನಡುವಿನ ಯಂತ್ರಕ್ಕೆ ರೂಟರಿನಲ್ಲಿ ಸ್ಥಿರ ವಿಳಾಸ ಕೊಟ್ಟು (ಉದಾಹರಣೆಗೆ 192.168.1.50), ಹೆಸರಿನ ಬದಲು ಆ ವಿಳಾಸದಿಂದಲೇ ತೆರೆಯಿರಿ. ಎಕ್ಸ್‌ಪಿಗೂ ವಿಳಾಸವನ್ನು ಕೈಯಾರೆ ತುಂಬಿ, ಗೇಟ್‌ವೇ ಮತ್ತು ಡಿಎನ್‌ಎಸ್ ಜಾಗ ಖಾಲಿ ಬಿಡಿ. ಒಳಗಿನ ಯಂತ್ರಗಳ ಜೊತೆ ಅದು ಮಾತಾಡುತ್ತದೆ, ಇಂಟರ್‌ನೆಟ್‌ಗೆ ಹೋಗಲಾರದು. ಹತ್ತು ಆಂಟಿವೈರಸ್‌ಗಿಂತ ಇದು ಮೇಲು. ಪುಟ ಕಟ್ಟುವಾಗ ಫೈಲನ್ನು ಎಕ್ಸ್‌ಪಿಯ ಡಿಸ್ಕಿಗೆ ನಕಲಿಸಿಕೊಂಡೇ ತೆರೆಯಿರಿ. ಷೇರ್‌ನಲ್ಲಿರುವುದನ್ನು ನೇರವಾಗಿ ತಿದ್ದುವಾಗ ನೆಟ್‌ವರ್ಕ್ ಕಡಿದರೆ ಇಡೀ ಫೈಲೇ ಕೆಡಬಹುದು.

ಪ್ರಶ್ನೆ: ನನ್ನದು ವಿಂಡೋಸ್ 98. ಇದೇ ಉಪಾಯ ನಡೆಯುತ್ತದೆಯೇ?
– ಓದುಗರು, ಶಿವಮೊಗ್ಗ

ಉತ್ತರ: 98ಕ್ಕೆ ಎಫ್‌ಟಿಪಿ (ಫೈಲ್ ಕಳಿಸಿ ತರುವ ಹಳೆಯ ವಿಧಾನ) ಸುಲಭ. ನಡುವಿನ ಯಂತ್ರದಲ್ಲಿ ವಿಎಸ್‌ಎಫ್‌ಟಿಪಿಡಿ ಎಂಬ ಎಫ್‌ಟಿಪಿ ಸರ್ವರ್ ಹಾಕಿ, ಅದರ ಸೆಟ್ಟಿಂಗ್‌ನಲ್ಲಿ ‘ರೈಟ್ ಎನೇಬಲ್’ ಸಾಲಿನ ಮುಂದಿರುವ ಹ್ಯಾಷ್ ಚಿಹ್ನೆ ಅಳಿಸಿ. ಅಳಿಸದಿದ್ದರೆ ಫೈಲ್ ಕಳಿಸಿದಾಗಲೆಲ್ಲ 550 ದೋಷ ಬರುತ್ತದೆ. 98ರಲ್ಲಿ ಟಿಸಿಪಿ/ಐಪಿ ಇದೆಯೇ ನೋಡಿ. ನೆಟ್‌ಬಿಯೂಯಿ ಎಂಬ ಹಳೆಯ ಸಂಪರ್ಕ ವಿಧಾನ ಒಂದೇ ಇದ್ದರೆ ಆಗದು. ಡಾಸ್ ಕಿಟಕಿಯಲ್ಲಿ ಎಫ್‌ಟಿಪಿ ಎಂದು ಬರೆದು ವಿಳಾಸ ಕೊಟ್ಟು ಲಾಗಿನ್ ಆದ ಕೂಡಲೇ ‘ಬಿನ್’ ಆಜ್ಞೆ ಕೊಡಿ. ಮರೆತರೆ ಚಿತ್ರ, ಜಿಪ್ ಫೈಲುಗಳು ಕೆಡಬಹುದು. ಆಮೇಲೆ ಕಳಿಸಲು ‘ಪುಟ್’, ತರಲು ‘ಗೆಟ್’. ಫೈಲಿನ ಹೆಸರು ಇಂಗ್ಲಿಷಿನಲ್ಲೇ ಇರಲಿ.

ಪ್ರಶ್ನೆ: ನಕಲಾದ ನುಡಿ ಫೈಲು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ನೆಟ್‌ವರ್ಕಿನಲ್ಲಿ ಕೆಟ್ಟಿತೇ?
– ಓದುಗರು, ಹಾಸನ

ಉತ್ತರ: ಕೆಟ್ಟಿಲ್ಲ. ಎರಡೂ ಕಡೆ ಫೈಲಿನ ಗಾತ್ರವನ್ನು ಬೈಟುಗಳಲ್ಲಿ ಹೋಲಿಸಿ ನೋಡಿ, ಒಂದೇ ಇರುತ್ತದೆ. ಹಳೆಯ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಇಟ್ಟಿತ್ತು. ಓದಲಷ್ಟೇ ಬೇಕಿದ್ದರೆ ಅದೇ ಫಾಂಟನ್ನು ಹೊಸ ಯಂತ್ರದಲ್ಲೂ ಹಾಕಿ. ಯೂನಿಕೋಡ್‌ಗೆ ಪರಿವರ್ತಿಸುವುದಾದರೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಮೂಲದ ಜೊತೆ ಇಟ್ಟು ತಿದ್ದಿ. ಪೇಜ್‌ಮೇಕರಿಗೆ ಯೂನಿಕೋಡ್ ಬಾರದು, ಆದ್ದರಿಂದ ಮೂಲ ಫೈಲನ್ನು ಅಳಿಸಬೇಡಿ.